ಕೆರೆಯಲ್ಲಿ ಸುಮ್ನೆ ಹುಟ್ಟು ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಿಂದ ಸ್ವಲ್ಪ ದೂರದ ಒಂದು ಹಳ್ಳಿ ಕೆರೆಯಲ್ಲಿ ನಾವು ಮೂವರು ಗೆಳೆಯರು ರವಿವಾರ ಬೆಳಿಗ್ಗೆ ಕಯಾಕ್ (ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಸಣ್ಣ ದೋಣಿ) ಇಳಿಸಿ ಅಡ್ಡಾಡುತ್ತೇವೆ. ಅಡ್ಡಾಡುತ್ತೇವೆ ಅಂದರೆ ಅಷ್ಟೇ. ರೇಸ್ ಇಲ್ಲ, ತರಬೇತಿ ಇಲ್ಲ, ಫೀ ಇಲ್ಲ. ಆದರೆ ನೆಂಟರು, ಆಫೀಸಿನವರು, ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಬಂದವರು, ಎಲ್ಲರೂ ಕೇಳಿದ್ದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಕೆರೆಯ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ರವಿವಾರ ಅಲ್ಲಿ ಸ್ಪೀಕರ್ ಹಾಡು ಶುರುವಾಗುತ್ತದೆ.

ಮೀನು ಸಿಗ್ತಾವಾ?

ಇದೇ ಯಾವಾಗಲೂ ಮೊದಲ ಪ್ರಶ್ನೆ. ಒಮ್ಮೆ ಏರಿ ಮೇಲೆ ಕೂತಿದ್ದ ಅಜ್ಜಾರು ನಾವು ದಂಡೆಗೆ ಬರುವವರೆಗೂ ಕಾದು ಕೇಳಿದರು.

"ಮೀನ ಬಿದ್ದಾವೇನೋ ತಮ್ಮಾ?"

"ಇಲ್ಲರೀ ಅಜ್ಜಾರ, ಸುಮ್ನ ಅಡ್ಡ್ಯಾಡಾಕ ಬಂದೇವಿ."

"ಸುಮ್ನನ? ಇಷ್ಟ ರೊಕ್ಕಾ ಹಾಕಿ, ಸುಮ್ನನ?"

ಹೌದು, ಸುಮ್ನೆ. ನಾವು ಮೀನು ಹಿಡಿಯುವುದಿಲ್ಲ. ನಮ್ಮ ಕಡೆಯ ಬಹಳಷ್ಟು ಕೆರೆಗಳಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟು ಸಾಕುತ್ತಾರೆ. ಆ ಮೀನು ಗುತ್ತಿಗೆ ಹಿಡಿದವರದು. ಗಾಳ ಹಾಕಿದರೆ ಅದು ಕಳ್ಳತನವೇ.

ಮತ್ತೆ ಅಲ್ಲಿ ಮಾಡೋದಾದ್ರೂ ಏನು?

ಅರ್ಧ ತಾಸು ಹುಟ್ಟು ಹಾಕುತ್ತೇವೆ. ಆಮೇಲೆ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು ಕೂಡುತ್ತೇವೆ. ನಿಜವಾದ ಮಜಾ ಶುರುವಾಗುವುದು ಆಗ.

ದೋಣಿ ತಾನೇ ನಿಧಾನಕ್ಕೆ ತೇಲುತ್ತದೆ. ಹುಟ್ಟಿನ ತುದಿಯಿಂದ ಹನಿ ಬೀಳುವುದು ಕೇಳುತ್ತದೆ. ಎರಡು ಮೂರು ನಿಮಿಷ ಏನೂ ಆಗುವುದಿಲ್ಲ. ಹೊಸಬರು ಇಷ್ಟರಲ್ಲೇ ಬೇಸರವಾಗಿ ಮೊಬೈಲ್ ತೆಗೆಯುತ್ತಾರೆ. ಇನ್ನೂ ಸ್ವಲ್ಪ ತಡೆಯಬೇಕು. ನಮ್ಮನ್ನು ಕಂಡು ಜೊಂಡಿನೊಳಗೆ ಹೊಕ್ಕಿದ್ದ ನಾಮಕೋಳಿ ಮೊದಲು ಹೊರಗೆ ಬರುತ್ತದೆ. ಹಣೆಗೆ ವಿಭೂತಿ ಹಚ್ಚಿಕೊಂಡ ಹಾಗೆ ಬಿಳಿ ನಾಮ. ಅದು ಬಂತೆಂದರೆ ಉಳಿದವಕ್ಕೂ ಧೈರ್ಯ. ಗುಳುಮುಳುಕ ಒಂದು ಕಡೆ ಮುಳುಗಿ ನಾವು ನೆನೆಸದ ಇನ್ನೊಂದು ಕಡೆ ಏಳುತ್ತದೆ. ಮಿಂಚುಳ್ಳಿ ಒಣಜಾಲಿಯ ಟೊಂಗೆಗೆ ವಾಪಸ್ ಬರುತ್ತದೆ. ದಂಡೆಯಲ್ಲಿ ನಿಂತ ಮನುಷ್ಯನನ್ನು ಹಕ್ಕಿ ದೂರದಿಂದಲೇ ಗುರುತಿಸುತ್ತದೆ. ನೀರಿನ ಮಟ್ಟಕ್ಕೆ ಕೂತು, ಕೈ ಆಡಿಸದೆ ಇದ್ದವನನ್ನು ಅಷ್ಟು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅದು ಹೆದರುವುದು ದೋಣಿಗಿಂತ ಜಾಸ್ತಿ ಹುಟ್ಟು ಏಳುವುದಕ್ಕೆ, ಇಳಿಯುವುದಕ್ಕೆ.

ಅದಕ್ಕೆ ದಾಂಡೇಲಿಗೆ ಹೋದ್ರೆ ಆಯ್ತಲ್ವಾ?

ಹೋಗಿ, ಚೆನ್ನಾಗಿದೆ. ಕಾಳಿ ನದಿಯಲ್ಲಿ ನೀರು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ನೀವು ಕೂಗುತ್ತೀರಿ, ಗೈಡ್ ಫೋಟೋ ತೆಗೆಯುತ್ತಾನೆ. ಅದು ಬೇರೆ ಆಟ. ಕೆರೆಯಲ್ಲಿ ಕೂಗುವಂಥದ್ದು ಏನೂ ಇಲ್ಲ. ಮನೆಯಿಂದ ಬೆಳಿಗ್ಗೆ ಹೊರಟು ಹತ್ತು ಗಂಟೆಗೆ ವಾಪಸ್ ಬಂದು ಸಂತೆಗೂ ಹೋಗಬಹುದು. ನನಗೆ ಇದೇ ಜಾಸ್ತಿ ಇಷ್ಟ.

ನನಗೆ ಈಜು ಬರಲ್ಲ. ಬರಬಹುದಾ?

ಬರಬಹುದು, ಲೈಫ್ ಜಾಕೆಟ್ ಹಾಕಿಕೊಂಡರೆ. ಈಜು ಬರುವವರೂ ಹಾಕಲೇಬೇಕು. "ನಾ ಬಾವ್ಯಾಗ ಈಸು ಕಲಿತವ" ಎನ್ನುವ ನಮ್ಮ ಗೆಳೆಯನ ಜೊತೆ ಈ ವಿಷಯಕ್ಕೆ ನನ್ನ ವಾದ ಇನ್ನೂ ಮುಗಿದಿಲ್ಲ. ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಕಲಿತವರಿಗೆ ಕೈಕಾಲು ಆಡಿಸುವುದು ಗೊತ್ತು, ನಿಜ. ಆದರೆ ತಲೆಗೆ ದೋಣಿಯ ಅಂಚು ಬಡಿದು ಕಣ್ಣು ಕತ್ತಲೆ ಬಂದರೆ ಯಾವ ಈಜೂ ನೆನಪಿಗೆ ಬರುವುದಿಲ್ಲ.

ನಮ್ಮ ಮೈ ಬಹುಪಾಲು ನೀರಿನಲ್ಲಿ ತಾನೇ ತೇಲುತ್ತದೆ. ತಲೆಯೊಂದು ಮೇಲಿರಲು ಐದಾರು ಕಿಲೋ ಎತ್ತುವಷ್ಟು ಬಲ ಸಾಕು. ಜಾಕೆಟ್ ಕೊಡುವುದು ಅದನ್ನೇ. ಹಾಕಿಕೊಂಡ ಮೇಲೆ ಭುಜದ ಹತ್ತಿರ ಹಿಡಿದು ಯಾರಾದರೂ ಮೇಲಕ್ಕೆ ಎಳೆಯಲಿ. ಜಾಕೆಟ್ ಕಿವಿಯ ತನಕ ಬಂತು ಅಂದರೆ ಸಡಿಲ ಇದೆ, ಪಟ್ಟಿ ಬಿಗಿ ಮಾಡಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದನ್ನು ಹಾಕಿದರೆ ಜಾಕೆಟ್ ಮೇಲೆ, ಮಗು ಕೆಳಗೆ. ಟ್ಯೂಬು, ಡಬ್ಬಿ, ಥರ್ಮಾಕೋಲ್ ಹಲಗೆ ಇವ್ಯಾವೂ ಜಾಕೆಟ್ ಅಲ್ಲ. ಕೈ ಬಿಟ್ಟರೆ ಬಿಟ್ಟ ಹಾಗೆಯೇ.

ಜಾಕೆಟ್‌ಗೆ ಒಂದು ಸೀಟಿ ಕಟ್ಟಿಕೊಳ್ಳಿ. ಕೂಗಿದ್ದು ಗಾಳಿಗೆ ಹಾರಿ ಹೋಗುತ್ತದೆ, ಸೀಟಿ ಏರಿ ದಾಟಿ ಕೇಳುತ್ತದೆ.

ಯಾವ ಕೆರೆಗೆ ಹೋಗಬೇಕು?

ಸುಮ್ನೆ ನೀರಿನ ಮೇಲೆ ಕೂತು ರುಚಿ ನೋಡಬೇಕು ಅಂದರೆ ಹುಬ್ಬಳ್ಳಿಯ ಉಣಕಲ್ ಕೆರೆಯಿಂದ ಶುರು ಮಾಡಬಹುದು. ನೂರು ವರ್ಷಕ್ಕಿಂತ ಹಳೆಯ ಕೆರೆ, ನಡುವೆ ವಿವೇಕಾನಂದರ ಪ್ರತಿಮೆ. ಗದಗಿನಲ್ಲಿ ಭೀಷ್ಮ ಕೆರೆ ಇದೆ, ಪಕ್ಕದಲ್ಲೇ 116 ಅಡಿಯ ಬಸವಣ್ಣನವರ ಮೂರ್ತಿ. ಇಂಥ ಕಡೆ ಪೆಡಲ್ ತುಳಿಯುವ ದೋಣಿ ಸಿಗುವುದು ಕಾಲಕ್ಕೆ ತಕ್ಕ ಹಾಗೆ. ನೀರು ಇಳಿದಾಗ, ಕಸ ತುಂಬಿದಾಗ, ಟೆಂಡರ್ ಮುಗಿದಾಗ ನಿಂತಿರುತ್ತದೆ. ಹೋಗುವ ಮೊದಲು ವಿಚಾರಿಸಿ. ಧಾರವಾಡದ ಸಾಧನಕೇರಿ, ಬೇಂದ್ರೆ ಅಜ್ಜನ ಮನೆ ಎದುರಿನದು, ದಂಡೆಯಲ್ಲಿ ಕೂತು ನೋಡಲಿಕ್ಕೇ ಚೆಂದ.

ಸ್ವಂತ ದೋಣಿ ಇದ್ದರೆ ಸಣ್ಣ ಕೆರೆ ಹುಡುಕಿ. ಎರಡು ಕಡೆ ಮರ ಅಥವಾ ದಿಬ್ಬ ಇರಬೇಕು. ಒಂದು ದಂಡೆಯಿಂದ ಕೂಗಿದರೆ ಇನ್ನೊಂದು ದಂಡೆಗೆ ಕೇಳಬೇಕು. ಇದಕ್ಕಿಂತ ದೊಡ್ಡ ಅಳತೆಗೋಲು ಬೇಡ. ಧಾರವಾಡ, ಕಲಘಟಗಿ, ಶಿಗ್ಗಾಂವಿ, ಹಾನಗಲ್ ಕಡೆ ಅರೆಮಲೆನಾಡು. ಅಲ್ಲಿ ಇಂಥ ಮರೆಯ ಕೆರೆಗಳು ಬೇಕಾದಷ್ಟು. ಗದಗಿನ ಬಯಲಿಗೆ ಹೋದಂತೆ ಮರೆ ಕಡಿಮೆ, ಗಾಳಿ ಜಾಸ್ತಿ. ಡಂಬಳದಂಥ ದೊಡ್ಡ ಕೆರೆ ತುಂಬಿದಾಗ ಗಾಳಿ ಬೀಸಿದರೆ ತೆರೆಯೇ ಏಳುತ್ತದೆ. ಹೊಸಬರಿಗೆ ಅಲ್ಲ.

ಹಾವೇರಿ ಜಿಲ್ಲೆಯ ಮದಗ ಮಾಸೂರು ಕೆರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಗುಡ್ಡಗಳ ನಡುವೆ ಕುಮುದ್ವತಿಗೆ ಕಟ್ಟಿದ್ದು. ಮಳೆಗಾಲದಲ್ಲಿ ಕೋಡಿ ಬಿದ್ದರೆ ಜಲಪಾತವೇ. ನೋಡಲು ಖಂಡಿತ ಹೋಗಿ. ದೋಣಿ ಮನೆಯಲ್ಲೇ ಇರಲಿ.

ಯಾರ ಪರ್ಮಿಷನ್ ಬೇಕು?

ಊರಿನದು. ಕಾಗದದ ಮೇಲೆ ಕೆರೆ ಗ್ರಾಮ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಇರುತ್ತದೆ, ಅಲ್ಲಿ ಕೇಳಲೇಬೇಕು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಮೀನು ಗುತ್ತಿಗೆ ಹಿಡಿದವರನ್ನು ಕಂಡು ಬಲೆ ಎಲ್ಲಿ ಹಾಕಿದ್ದಾರೆ ಎಂದು ಕೇಳಿ. ನೀರಿನ ಮೇಲೆ ಸಾಲಾಗಿ ತೇಲುವ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಕೆಳಗೆ ಬಲೆ ಇದೆ ಅಂತ ಅರ್ಥ. ಒಂದು ಬಲೆ ಹರಿದರೆ ಒಬ್ಬನ ವಾರದ ಗಳಿಕೆ ಹೋಯಿತು. ನಾವು ಮೊದಲ ಸಲ ಹೋದಾಗ ಒಬ್ಬ ಕಾಕಾ ಏರಿ ಮೇಲೆ ನಿಂತು, ಎಲ್ಲಿ ಹಳೆಯ ಬಾವಿ ಮುಳುಗಿದೆ, ಎಲ್ಲಿ ಹೂಳು ತೆಗೆದ ಗುಂಡಿ ಇದೆ ಎಲ್ಲ ಕೈ ಮಾಡಿ ತೋರಿಸಿದರು. ಇದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುಡಿಯುವ ನೀರಿನ ಕೆರೆಗೆ ದೋಣಿ ಇಳಿಸಬೇಡಿ. ನವಲಗುಂದ, ಅಣ್ಣಿಗೇರಿ ಕಡೆ, ಗದಗಿನ ಎಷ್ಟೋ ಹಳ್ಳಿಗಳಲ್ಲಿ ಬೋರ್ ನೀರು ಸವಳು. ಕೆರೆ ನೀರೇ ಕುಡಿಯಬೇಕು. ಅಂಥ ಕೆರೆಗೆ ಬೇಲಿ ಹಾಕಿ ಕಾಯುತ್ತಾರೆ. ನೀವು ಅಲ್ಲಿ ದೋಣಿ ಬಿಟ್ಟರೆ ಊರಿನವರು ಬಯ್ಯುತ್ತಾರೆ, ಬಯ್ಯಲೇಬೇಕು. ಹುಬ್ಬಳ್ಳಿಗೆ ನೀರು ಕೊಡುವ ನೀರಸಾಗರದ ಆಸೆಯೂ ಬೇಡ.

ನಮ್ಮ ಹೊಲದ ಕೃಷಿ ಹೊಂಡದಲ್ಲಿ ಕಲಿಯಬಹುದಾ?

ಬೇಡ. ಬೇಡವೇ ಬೇಡ. ನೋಡಲು ಸಣ್ಣದು, ಅಲೆ ಇಲ್ಲ, ಬೇಲಿ ಒಳಗಿದೆ, ಎಲ್ಲ ನಿಜ. ಆದರೆ ನಾಲ್ಕೂ ಕಡೆ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟಿರುತ್ತದೆ. ಬಿದ್ದವರು ಹತ್ತಲು ಹೋದಷ್ಟೂ ಜಾರುತ್ತಾರೆ, ಈಜು ಬಂದರೂ ಅಷ್ಟೇ. ಪ್ರಾಣ ಹೋದ ಸುದ್ದಿ ನೀವೂ ಪೇಪರಿನಲ್ಲಿ ಓದಿರುತ್ತೀರಿ. ಹೊಂಡ ಇದ್ದವರು ಒಂದು ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರೊಳಗೆ ಇಳಿಬಿಟ್ಟಿರಿ. ದೋಣಿಯ ಮಾತು ಬಿಡಿ, ಅದೊಂದು ಹಗ್ಗ ಇರಲಿ.

ಯಾವ ತಿಂಗಳು, ಯಾವ ಹೊತ್ತು ಒಳ್ಳೇದು?

ನವೆಂಬರ್‌ನಿಂದ ಫೆಬ್ರುವರಿ. ಕೆರೆಯಲ್ಲಿ ಇನ್ನೂ ನೀರಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ವಲಸೆ ಹಕ್ಕಿ ಬಂದಿರುತ್ತವೆ. ಬೆಳಕು ಹರಿಯುವ ಹೊತ್ತಿಗೆ ನೀರಿಗಿಳಿದರೆ ಒಂಬತ್ತರ ತನಕ ಕೆರೆ ಕನ್ನಡಿಯ ಹಾಗೆ. ಆಮೇಲೆ ನೆಲ ಕಾದಂತೆ ಗಾಳಿ ಏಳುತ್ತದೆ.

ಗಾಳಿಯ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಶಾಂತ ಕೆರೆಯಲ್ಲಿ ಜನ ಎಡವುವುದು ಇಲ್ಲಿಯೇ. ನೀರು ಹರಿಯುವುದಿಲ್ಲ, ಆದ್ದರಿಂದ ಯಾವುದೂ ನಮ್ಮನ್ನು ಎಳೆಯುವುದಿಲ್ಲ ಅಂದುಕೊಳ್ಳುತ್ತೇವೆ. ಕಯಾಕ್ ಹಗುರ, ತಳ ಚಪ್ಪಟೆ. ಗಾಳಿಗೆ ಅದು ಒಣ ಎಲೆ ಇದ್ದ ಹಾಗೆ. ಗಾಳಿಯ ವೇಗ ಎರಡು ಪಟ್ಟಾದರೆ ನೂಕುವ ಬಲ ನಾಲ್ಕು ಪಟ್ಟು ಆಗುತ್ತದೆ. ಹೋಗುವಾಗ ಗಾಳಿ ಬೆನ್ನಿಗಿದ್ದರೆ "ಆಹಾ, ಎಷ್ಟು ಚೆನ್ನಾಗಿ ಹುಟ್ಟು ಹಾಕ್ತೀನಿ" ಅನ್ನಿಸುತ್ತದೆ. ತಿರುಗಿದ ಮೇಲೆ ಗೊತ್ತಾಗುತ್ತದೆ ಹಾಕಿದ್ದು ನಾವಲ್ಲ ಅಂತ. ಅದಕ್ಕೇ ಮೊದಲು ಗಾಳಿಗೆ ಎದುರಾಗಿ ಹೋಗಿ. ತೋಳು ಸೋತಾಗ ಗಾಳಿಯೇ ಮನೆ ಕಡೆ ತಳ್ಳಲಿ.

ಜೂನ್‌ನಿಂದ ಸೆಪ್ಟೆಂಬರ್ ಪಡುವಣ ಗಾಳಿ ಬಿಡುವು ಕೊಡುವುದಿಲ್ಲ. ಗದಗಿನ ಕಪ್ಪತಗುಡ್ಡದ ಕಡೆ ಗಾಳಿಗಿರಣಿ ಸಾಲಾಗಿ ನಿಂತದ್ದು ಸುಮ್ನೆ ಅಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಇನ್ನೂ ಕೆಟ್ಟದ್ದು. ಮಧ್ಯಾಹ್ನದ ತನಕ ಎಲೆ ಅಲುಗುವುದಿಲ್ಲ. ನಾಲ್ಕು ಗಂಟೆಗೆ ಒಂದು ಮೂಲೆಯಲ್ಲಿ ಕರಿ ಮೋಡ, ತಣ್ಣನೆ ಗಾಳಿಯ ಒಂದು ಹೊಡೆತ, ಆಮೇಲೆ ಧೂಳು, ಗುಡುಗು. ಒಮ್ಮೆ ಸಂಜೆ ಹೊತ್ತು ನಾವು ಹೀಗೇ ಸಿಕ್ಕಿಬಿದ್ದೆವು. ದಂಡೆ ಕಣ್ಣೆದುರೇ ಇತ್ತು, ಆದರೂ ಮುಟ್ಟಲು ಜೀವ ಬಾಯಿಗೆ ಬಂತು. ಅವತ್ತಿನಿಂದ ಬೇಸಿಗೆಯಲ್ಲಿ ಸಂಜೆ ಕೆರೆಗೆ ಹೋಗುವುದನ್ನೇ ಬಿಟ್ಟಿದ್ದೇವೆ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮ ತನಕ ಬರಬಲ್ಲಷ್ಟು ಹತ್ತಿರ ಇದೆ. ದಂಡೆಗೆ ಬನ್ನಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕಾರಿನಲ್ಲಿ ಕೂಡಿ. ಕೊನೆಯ ಗುಡುಗು ಕೇಳಿ ಅರ್ಧ ತಾಸಾಗುವ ತನಕ ನೀರಿಗೆ ಹೋಗಬೇಡಿ.

ಯಾವ ದೋಣಿ ತಗೊಳ್ಳಲಿ?

ಮೇಲೆ ಕೂಡುವ ಪ್ಲಾಸ್ಟಿಕ್ ಕಯಾಕ್. ಒಳಗೆ ಕಾಲು ಚಾಚಿ ಹೊಕ್ಕು ಕೂಡುವಂಥದ್ದು ಹೊಸಬರಿಗೆ ಬೇಡ. ಮಗುಚಿದರೆ ನೀರು ತುಂಬುತ್ತದೆ, ಗಾಬರಿಯಾಗುತ್ತದೆ. ಮೇಲೆ ಕೂಡುವುದರಲ್ಲಿ ಬಿದ್ದರೆ ಬಿದ್ದಿರಿ, ಅಷ್ಟೇ. ಒಬ್ಬರು ಕೂಡುವ ಹತ್ತಡಿಯದು 20-25 ಕಿಲೋ ತೂಗುತ್ತದೆ. ಇಬ್ಬರು ಹಿಡಿದರೆ ಕಾರಿನ ಮೇಲೆ ಏರಿಸಬಹುದು. ಕೆಳಗೆ ಹಳೆ ಹಾಸಿಗೆ ಹಾಕಿ, ಹಗ್ಗ ಮುಂದೆ ಹಿಂದೆ ಎರಡೂ ಕಡೆ ಕಟ್ಟಿ.

ಗಾಳಿ ತುಂಬುವ ದೋಣಿ ಸೋವಿ, ಡಿಕ್ಕಿಯಲ್ಲಿ ಹಿಡಿಯುತ್ತದೆ. ನಾನು ಮೊದಲು ತಗೊಂಡದ್ದು ಅದೇ. ನಮ್ಮ ಕೆರೆಗಳ ಅಂಗಳದಲ್ಲಿ ಏನು ಬೆಳೆದಿರುತ್ತದೆ ಹೇಳಿ? ಜಾಲಿ. ಮಳೆ ಬಂದು ನೀರು ಏರಿದಾಗ ಆ ಜಾಲಿ ಕಂಟಿ ನೀರೊಳಗೆ ಮುಳುಗಿ ಮುಳ್ಳು ಮೇಲೆ ಮಾಡಿ ನಿಂತಿರುತ್ತದೆ. ಎರಡನೇ ರವಿವಾರವೇ "ಸುಸ್" ಅಂತ ಸದ್ದಾಯಿತು. ಮೊದಲು ಹಾವು ಅಂದುಕೊಂಡೆ. ಒಂದು ಬದಿ ಮೆತ್ತಗಾಗಿ, ನಾನು ಒಂದು ಕಡೆ ವಾಲಿ, ಎಡಗೈಯಿಂದ ತೂತು ಒತ್ತಿ ಹಿಡಿದು ಬಲಗೈಯಿಂದ ಹುಟ್ಟು ಹಾಕಿದೆ. ಒಂದೇ ಕಡೆ ಹಾಕಿದರೆ ದೋಣಿ ಗಿರಗಿರ ತಿರುಗುತ್ತದೆ, ಮುಂದೆ ಹೋಗುವುದಿಲ್ಲ. ಏರಿ ಮೇಲೆ ಕುರಿ ಕಾಯುತ್ತಿದ್ದ ಹುಡುಗ ನಗು ತಡೆಯಲಾರದೆ ಕೂತೇ ಬಿಟ್ಟ. ಆ ತೂತಿಗೆ ಪಂಕ್ಚರ್ ಅಂಗಡಿಯಲ್ಲೇ ತೇಪೆ ಹಾಕಿಸಿದೆ. ಆಮೇಲೂ ಎರಡು ಸಲ ಹಾಗೇ ಆಯಿತು, ಮಾರಿಬಿಟ್ಟೆ.

ಹರಗೋಲು? ತುಂಗಭದ್ರೆಯಲ್ಲಿ ನಡೆಸುವವರ ಕೈಚಳಕ ನೋಡಿದರೆ ಸುಲಭ ಅನ್ನಿಸುತ್ತದೆ. ಕೂತು ನೋಡಿ, ಆಮೇಲೆ ಮಾತಾಡೋಣ.

ಹುಟ್ಟು ಹಿಡಿಯುವುದು ಹೇಗೆ?

ಕಯಾಕ್‌ನ ಹುಟ್ಟಿಗೆ ಎರಡೂ ತುದಿಗೆ ಅಲಗು ಇರುತ್ತದೆ. ಅದನ್ನು ತಲೆ ಮೇಲೆ ಅಡ್ಡ ಇಟ್ಟುಕೊಳ್ಳಿ. ಮೊಣಕೈ ಕಾಟಕೋನಕ್ಕೆ (ಲಂಬಕೋನಕ್ಕೆ) ಬರುವ ಹಾಗೆ ಎರಡೂ ಕಡೆ ಹಿಡಿಯಿರಿ. ಅದೇ ಅಂತರ, ಈಗ ಎದೆ ಮುಂದೆ ಇಳಿಸಿ. ಅಲಗಿನ ತಗ್ಗಾದ ಬದಿ ನಿಮ್ಮ ಕಡೆ ಇರಲಿ. ಹತ್ತರಲ್ಲಿ ಆರು ಜನ ಉಲ್ಟಾ ಹಿಡಿಯುತ್ತಾರೆ, ನಾನೂ ಹಿಡಿದಿದ್ದೆ.

ಅಲಗನ್ನು ಪಾದದ ಹತ್ತಿರ ನೀರಿಗೆ ಹಾಕಿ, ಪೂರ್ತಿ ಮುಳುಗಲಿ. ಸೊಂಟದ ಹತ್ತಿರ ಬಂದಾಗ ಎತ್ತಿಬಿಡಿ. ಅಲ್ಲಿಂದ ಹಿಂದಕ್ಕೆ ಎಳೆದರೆ ನೀರು ಎತ್ತಿದಂತೆ, ದೋಣಿ ಮುಂದೆ ಹೋಗುವುದಿಲ್ಲ. ತೋಳಿನಿಂದ ಎಳೆಯಬೇಡಿ, ನಡು ತಿರುಗಿಸಿ. ಮನೆಯಲ್ಲಿ ಬೀಸುಕಲ್ಲು ಬೀಸಿದವರಿಗೆ ಇದು ಬೇಗ ಬರುತ್ತದೆ. ಅವರು ಬರೀ ಕೈಯಿಂದ ಬೀಸುವುದಿಲ್ಲ, ಇಡೀ ಮೈ ಹಾಕುತ್ತಾರೆ. ನನ್ನ ಅತ್ತೆ ಮೊದಲ ದಿನವೇ ನನಗಿಂತ ಚೆನ್ನಾಗಿ ಹಾಕಿದರು, ಈ ಮಾತು ಮನೆಯಲ್ಲಿ ಇನ್ನೂ ನಡೆಯುತ್ತಿದೆ.

ಹಿಡಿತ ಸಡಿಲ ಇರಲಿ. ಬಿಗಿ ಹಿಡಿದರೆ ಒಂದು ತಾಸಿಗೆ ಅಂಗೈಯಲ್ಲಿ ಗುಳ್ಳೆ.

ದೋಣಿ ನೇರ ಹೋಗ್ತಾನೇ ಇಲ್ಲ!

ಹೋಗುವುದಿಲ್ಲ, ಎಲ್ಲರಿಗೂ ಹಾಗೇ. ಬಲಗೈ ಜೋರಿದ್ದವರ ದೋಣಿ ಎಡಕ್ಕೆ ತಿರುಗುತ್ತದೆ. ಸರಿ ಮಾಡಲು ಹೋಗಿ ಎಡಕ್ಕೆ ಜೋರಾಗಿ ಹಾಕುತ್ತಾರೆ, ಬಲಕ್ಕೆ ತಿರುಗುತ್ತದೆ. ಹಾವಿನ ದಾರಿ. ದೋಣಿಯ ಮೂತಿ ನೋಡುತ್ತಾ ಕೂಡಬೇಡಿ. ದೂರದ ಒಂದು ಮರ ಹಿಡಿದು ಅದನ್ನೇ ನೋಡುತ್ತಾ ಮೆಲ್ಲಗೆ ಹಾಕಿ. ತಿರುಗಿಸಬೇಕಾದರೆ ಹೊರಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಅಗಲವಾಗಿ ಅರ್ಧ ಸುತ್ತು ಬಳಿಯಿರಿ. ನಿಲ್ಲಿಸಲು ಎರಡೂ ಕಡೆ ಒಂದೊಂದು ಸಲ ಹಿಂದಿನಿಂದ ಮುಂದಕ್ಕೆ ಒತ್ತಿ.

ಮಗುಚಿದ್ರೆ?

ದೋಣಿ ಬಿಡಬೇಡಿ. ದಂಡೆ ಇಲ್ಲೇ ಇದೆ ಅಂತ ಈಜಿ ಹೋಗಲು ನೋಡಬೇಡಿ. ನೀರಿನಿಂದ ನೋಡಿದಾಗ ದಂಡೆ ಯಾವಾಗಲೂ ಹತ್ತಿರವೇ ಕಾಣುತ್ತದೆ. ದೋಣಿ ತಿರುಗಿ ಬಿದ್ದಿದ್ದರೆ ನೆಟ್ಟಗೆ ಮಾಡಿ. ನಡುಭಾಗಕ್ಕೆ ಬನ್ನಿ. ಕಾಲು ಹಿಂದೆ ನೀರಿನ ಮೇಲ್ಮಟ್ಟಕ್ಕೆ ತಂದು ಬಡಿಯುತ್ತಾ ಹೊಟ್ಟೆಯನ್ನು ದೋಣಿ ಮೇಲೆ ಎಳೆದುಕೊಳ್ಳಿ. ಮೊದಲು ಹೊಟ್ಟೆ, ಆಮೇಲೆ ಕುಂಡಿ ತಿರುಗಿಸಿ ಕೂಡುವುದು, ಕೊನೆಗೆ ಕಾಲು. ಮೊಣಕಾಲು ಮೊದಲು ಇಟ್ಟರೆ ಮತ್ತೆ ನೀರಿಗೆ. ಇದನ್ನು ಮೊದಲ ದಿನವೇ, ಎದೆಮಟ್ಟದ ನೀರಿನಲ್ಲಿ, ಬೇಕಂತಲೇ ಬಿದ್ದು ಕಲಿಯಬೇಕು. ನಾವು ಹೊಸಬರನ್ನು ಹೀಗೆ ಮೂರು ಸಲ ಬೀಳಿಸದೆ ನಡುನೀರಿಗೆ ಬಿಡುವುದಿಲ್ಲ.

ಒಬ್ಬರೇ ಹೋಗಬೇಡಿ. ಎಷ್ಟೇ ಸಣ್ಣ ಕೆರೆ ಇರಲಿ.

ಕೆರೆಗೆ ಎಲ್ಲಿಂದ ಇಳಿಯಬೇಕು?

ಇದು ಕಾಣುವಷ್ಟು ಸುಲಭ ಅಲ್ಲ. ಕೆರೆ ಆಳ ಇರುವುದು ಏರಿಯ ಹತ್ತಿರ, ತೂಬಿನ ಬುಡದಲ್ಲಿ. ಎದುರಿನ ಅಂಗಳದ ಕಡೆ ಹೋದಂತೆ ನೀರು ಕಡಿಮೆ. ಹಾಗಾದರೆ ಅಂಗಳದ ಕಡೆಯಿಂದ ಇಳಿಯುವುದು ವಾಸಿ ಅನ್ನಿಸುತ್ತದೆ. ಆದರೆ ಅಲ್ಲಿ ಎರೆಮಣ್ಣು. ನೀರು ಹಿಂದೆ ಸರಿದ ಕಡೆ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ನಾಲ್ಕು ಹೆಜ್ಜೆ ಇಟ್ಟರೆ ಮೊಣಕಾಲ ತನಕ ಹೂತುಹೋಗುತ್ತೀರಿ. ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ಹೀಗೆ ನನ್ನ ಒಂದು ಚಪ್ಪಲಿ ಆ ಕೆರೆಯಲ್ಲೇ ಇದೆ. ಎಮ್ಮೆಗಳು ನೀರಿಗೆ ಇಳಿಯುವ ದಾರಿ ಹುಡುಕಿ. ದಿನಾ ತುಳಿದು ಗಟ್ಟಿಯಾಗಿರುತ್ತದೆ, ಮುಳ್ಳೂ ಇರುವುದಿಲ್ಲ. ಸಗಣಿ ಇರುತ್ತದೆ, ತೊಳೆದರೆ ಹೋಗುತ್ತದೆ.

ತೂಬು ಎತ್ತಿದ್ದರೆ ಅದರ ಹತ್ತಿರ ಸುಳಿಯಬೇಡಿ, ಒಳಗೆಳೆಯುವ ಬಲ ಮೇಲಿನಿಂದ ಕಾಣುವುದಿಲ್ಲ. ಕೋಡಿ ಹರಿಯುತ್ತಿದ್ದರೆ ಅವತ್ತು ಕೆರೆಗೇ ಇಳಿಯಬೇಡಿ. ಗಣೇಶನ ಹಬ್ಬದ ನಂತರ ಕೆಲವು ವಾರ, ಮೂರ್ತಿ ಬಿಟ್ಟ ಕಡೆ ಬಿದಿರು, ತಂತಿ, ಕಟ್ಟಿಗೆ ಚೌಕಟ್ಟು ನೀರೊಳಗೆ ನಿಂತಿರುತ್ತವೆ. ಊರ ಚರಂಡಿ ಬಂದು ಸೇರುವ ಕೆರೆ ಎಷ್ಟು ಚೆಂದ ಕಂಡರೂ ಬೇಡ. ಕಾಲಲ್ಲಿ ಗಾಯ ಇದ್ದರೆ ಇಲಿ ಜ್ವರದಂಥದ್ದು ಅಂಟಬಹುದು.

ಹಾವು, ಮೊಸಳೆ ಇದಾವಾ?

ನೀರುಹಾವು ಇದೆ. ತಲೆಯಷ್ಟೇ ಮೇಲೆ ಮಾಡಿ ಅದರ ಪಾಡಿಗೆ ಈಜಿ ಹೋಗುತ್ತದೆ. ವಿಷ ಇಲ್ಲ, ಆದರೆ ಹಿಡಿಯಲು ಹೋದರೆ ಚೆನ್ನಾಗಿ ಕಚ್ಚುತ್ತದೆ. ಮೊಸಳೆ ಕಾಳಿಯಲ್ಲಿ, ತುಂಗಭದ್ರೆಯಲ್ಲಿ ಇವೆ. ಅದಕ್ಕೇ ನದಿಗೆ ನಾವು ಹೋಗುವುದಿಲ್ಲ. ಊರ ಕೆರೆಯಾದರೂ ಸರಿ, ಊರವರನ್ನು ಕೇಳಿಯೇ ಇಳಿಯಿರಿ.

ಯಾವ ಹಕ್ಕಿ ಕಾಣ್ತವೆ?

ಪಟ್ಟಿ ಕೊಟ್ಟರೆ ನೀವು ಪಟ್ಟಿಯನ್ನೇ ಹುಡುಕುತ್ತೀರಿ. ಎರಡರ ಬಗ್ಗೆ ಮಾತ್ರ ಹೇಳುತ್ತೇನೆ.

ಒಂದು, ದೇವನಕ್ಕಿ. ತಾವರೆ, ನೈದಿಲೆ ಇರುವ ಕೆರೆಯಲ್ಲಿ ಎಲೆಗಳ ಮೇಲೆ ನಡೆಯುತ್ತದೆ. ಎಲೆ ಸ್ವಲ್ಪ ಬಾಗುತ್ತದೆ, ಮುಳುಗುವುದಿಲ್ಲ. ಯಾಕೆಂದರೆ ಅದರ ಬೆರಳು ಮೈಗೆ ಹೊಂದದಷ್ಟು ಉದ್ದ, ಭಾರ ಹರಡಿಹೋಗುತ್ತದೆ. ಮಳೆಗಾಲದಲ್ಲಿ ಅದಕ್ಕೆ ಉದ್ದ ಬಾಲ ಬರುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ. ಕಾವು ಕೂಡುವುದು, ಮರಿ ನೋಡಿಕೊಳ್ಳುವುದು ಎಲ್ಲ ಗಂಡು. ಇದನ್ನು ಕೇಳಿ ನಮ್ಮ ಜೊತೆ ಬಂದಿದ್ದ ಅಕ್ಕಾರೊಬ್ಬರು ದೋಣಿ ಅಲ್ಲಾಡುವ ಹಾಗೆ ನಕ್ಕರು.

ಇನ್ನೊಂದು ಗುಳುಮುಳುಕ. ಮುಷ್ಟಿಯಷ್ಟು ಹಕ್ಕಿ. ನೀರಿನ ಮೇಲೆ ಕೊಳೆತ ಕಸದ ಗುಪ್ಪೆಯ ಹಾಗೆ ಗೂಡು ಮಾಡುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಯ ಮೇಲೆ ಹಸಿ ಕಸ ಎಳೆದು ಮುಚ್ಚುತ್ತದೆ. ನೀವು ನೋಡಿದರೆ ಅಲ್ಲಿ ಏನೂ ಇಲ್ಲ. ಆದ್ದರಿಂದ ತೇಲುವ ಕಸವನ್ನು ಹುಟ್ಟಿನಿಂದ ಸರಿಸುವ ಚಟ ಬಿಡಿ. ಮರಿಯಾದ ಮೇಲೆ ಬೆನ್ನ ಮೇಲೆ ಕೂಡಿಸಿಕೊಂಡು ಅಡ್ಡಾಡುತ್ತದೆ. ರೆಕ್ಕೆ ನಡುವಿನಿಂದ ಪಟ್ಟೆಪಟ್ಟೆಯ ಒಂದು ಸಣ್ಣ ತಲೆ ಹೊರಗೆ ಇಣುಕುವುದನ್ನು ಒಮ್ಮೆ ನೋಡಿದ್ದೇನೆ. ಅಮ್ಮ ಮುಳುಗಿದಾಗ ಮರಿ ಮೇಲೆಯೇ ಬೆಂಡಿನ ಹಾಗೆ ಉಳಿಯಿತು. ಎರಡು ಕ್ಷಣ ಸುತ್ತ ನೋಡಿತು. ಅಮ್ಮ ಎದ್ದ ಕಡೆಗೆ ಓಡಿತು.

ಎಷ್ಟು ಹತ್ತಿರ ಹೋಗಬಹುದು? ಹಕ್ಕಿ ತಿನ್ನುವುದು ಬಿಟ್ಟು ತಲೆ ಎತ್ತಿ ನೋಡಿದರೆ ಅಲ್ಲೇ ನಿಲ್ಲಿ. ಹಾರಿತು ಅಂದರೆ ನೀವು ಆಗಲೇ ಜಾಸ್ತಿ ಬಂದಿದ್ದೀರಿ.

ಮಾಗಡಿ ಕೆರೆಯಲ್ಲಿ ಕಯಾಕ್ ಬಿಡಬಹುದಾ?

ಇಲ್ಲ. ದಯವಿಟ್ಟು ಕೇಳಲೂ ಬೇಡಿ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಈ ಕೆರೆ ಸಂರಕ್ಷಿತ ಪ್ರದೇಶ. 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಅವು ರಾತ್ರಿ, ನಸುಕಿನಲ್ಲಿ ಹೊಲಗಳಿಗೆ ಹೋಗಿ ಶೇಂಗಾ, ಕಡಲೆ ಮೇಯುತ್ತವೆ. ಹಗಲು ಕೆರೆಗೆ ಬಂದು ದಣಿವಾರಿಸಿಕೊಳ್ಳುತ್ತವೆ. ಅಷ್ಟು ದೂರ ಹಾರಿ ಬಂದವರ ನಿದ್ದೆಗೆ ದೋಣಿ ನುಗ್ಗಿಸುವುದು ಯಾವ ನ್ಯಾಯ? ಬೈನಾಕ್ಯುಲರ್ ತಗೊಂಡು ದಂಡೆಯಲ್ಲಿ ಕೂಡಿ. ಹೊಲದಿಂದ ವಾಪಸ್ ಬರುವ ಹಿಂಡು ಒಂದರ ಹಿಂದೆ ಒಂದು ನೀರಿಗೆ ಇಳಿಯುವ ಸದ್ದು ದಂಡೆಗೂ ಕೇಳುತ್ತದೆ.

ಅಂತರಗಂಗೆ ತುಂಬಿದ್ರೆ?

ವಾಪಸ್ ಹೋಗಿ. ಅದರೊಳಗೆ ಹುಟ್ಟು ಹಾಕುವುದು ಅಂದರೆ ಕಬ್ಬಿನ ಗದ್ದೆಯಲ್ಲಿ ಸೈಕಲ್ ಹೊಡೆದಂತೆ. ದೂರದ ದಕ್ಷಿಣ ಅಮೆರಿಕದಿಂದ ಬಂದ ಗಿಡ, ನೇರಳೆ ಹೂವೇನೋ ಚೆಂದ. ಗಾಳಿ ತಿರುಗಿದರೆ ಇಡೀ ಹಾಸು ಸರಿದು ನೀವು ಬಂದ ದಾರಿ ಮುಚ್ಚಿಬಿಡುತ್ತದೆ. ಅದರ ಮತ್ತು ದಂಡೆಯ ನಡುವೆ ಸಿಗಬೇಡಿ.

ಸೀರೆ, ಚೂಡಿದಾರ್‌ನಲ್ಲಿ ಬರಬಹುದಾ?

ಚೂಡಿದಾರ್ ಆದೀತು, ಓಢಣಿ ಬಿಚ್ಚಿಡಿ. ಸೀರೆ ಬೇಡ, ಒದ್ದೆಯಾದರೆ ಕಾಲಿಗೆ ಸುತ್ತುತ್ತದೆ. ಜೀನ್ಸ್ ಕೂಡ ಬೇಡ. ಬೇಗ ಒಣಗುವ ಬಟ್ಟೆ, ತಲೆಗೆ ಟೊಪ್ಪಿಗೆ, ಹಿಂದೆ ಪಟ್ಟಿ ಇರುವ ಚಪ್ಪಲಿ. ನೀರಿನ ಮೇಲೆ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ, ಗದ್ದದ ಕೆಳಗೆ ಸುಟ್ಟಾಗ ಗೊತ್ತಾಗುತ್ತದೆ.

ಮೊಬೈಲ್?

ಜಿಪ್ ಇರುವ ನೀರು ಹೋಗದ ಚೀಲ, ಅದಕ್ಕೆ ದಾರ, ದಾರ ಜಾಕೆಟ್‌ಗೆ. ಚೀಲದೊಳಗೆ ಸ್ವಲ್ಪ ಗಾಳಿ ಇರಲಿ, ಬಿದ್ದರೆ ತೇಲುತ್ತದೆ. ಕಾರಿನ ಕೀಲಿಯನ್ನೂ ಅದರಲ್ಲೇ ಹಾಕಿ. ಯಾಕೆ ಅಂತ ಕೇಳಬೇಡಿ.

ತಿನ್ನಲಿಕ್ಕೆ?

ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ಮಜ್ಜಿಗೆ. ದಂಡೆಗೆ ಬಂದ ಮೇಲೆಯೇ ತಿನ್ನುತ್ತೇವೆ. ಕುಡಿಯುವ ನೀರು ಮಾತ್ರ ದೋಣಿಯಲ್ಲಿ ಇರಬೇಕು. ಗಿರ್ಮಿಟ್, ಮಿರ್ಚಿ ತಂದರೆ ನಮ್ಮ ಮೂವರಿಗೂ ಸೇರಿಸಿ ತನ್ನಿ. ಮಂಡಕ್ಕಿ ಚೂರು ಹಕ್ಕಿ, ಮೀನಿಗೆ ಎರಚಬೇಡಿ. ಪ್ಲಾಸ್ಟಿಕ್ ಚೀಟಿ ಒಂದೂ ಉಳಿಯಬಾರದು, ಮುಂದಿನ ಸಲ ಊರವರು ಬಾ ಅನ್ನಬೇಕಲ್ವಾ?

ಮನೆಗೆ ಬಂದ ಮೇಲೆ ದೋಣಿ ತೊಳೆಯಲೇಬೇಕಾ?

ಬೇರೆ ಕೆರೆಗೆ ಒಯ್ಯುವುದಿದ್ದರೆ ತೊಳೆಯಲೇಬೇಕು. ತಳ, ಸೀಟಿನ ಸಂದಿ, ನೀರು ಹೋಗುವ ತೂತುಗಳು, ಹಗ್ಗದ ಗಂಟು, ಎಲ್ಲ ಕಡೆ ಬೆರಳು ಹಾಕಿ ನೋಡಿ. ಅಂತರಗಂಗೆಯ ಒಂದು ಸಣ್ಣ ಬೇರುಳ್ಳ ತುಂಡು ಸಿಕ್ಕಿಕೊಂಡಿದ್ದರೆ ಸಾಕು, ಇನ್ನೊಂದು ಕೆರೆಗೆ ನೀವೇ ಅದನ್ನು ನೆಟ್ಟಂತೆ. ಸಿಕ್ಕಿದ್ದನ್ನು ಗಟಾರಿಗೆ ಬಿಸಾಡಬೇಡಿ, ಬಿಸಿಲಿಗೆ ಒಣಗಲು ಬಿಡಿ. ಆಮೇಲೆ ದೋಣಿಯನ್ನು ಮಗುಚಿ ನೆರಳಿನಲ್ಲಿಡಿ. ನಮ್ಮ ಮನೆಯಲ್ಲಿ ಅದರ ಕೆಳಗೆ ಈಗ ಬೆಕ್ಕು ಮರಿ ಹಾಕಿದೆ. ಹಾಗಾಗಿ ಬರುವ ಎರಡು ರವಿವಾರ ನಾವು ಗೆಳೆಯನ ಕಯಾಕ್‌ನಲ್ಲೇ ಸರದಿ ಮೇಲೆ ಹೋಗುತ್ತೇವೆ.